ಮನೆಯಲ್ಲಿ ಕೂತು ಬೈಬಲ್ ಓದಿದರೂ ಜೈಲಾ?

ಹೋದ ಸಂಚಿಕೆಯಲ್ಲಿ ಮಾರ್ಟಿನ್ ಲೂಥರ್ ಬಗ್ಗೆ ಸಣ್ಣ ಉತ್ತರ ಒಂದನ್ನು ಬರೆದಿದ್ದೆ. 1517ರಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗ್‌ನಲ್ಲಿ ಪಾಪಕ್ಷಮೆಯ ಚೀಟಿ ಮಾರುವುದನ್ನು ಪ್ರಶ್ನಿಸಿದ, ಪೋಪನಿಂದ ದೂರವಾದ, ಅವನ ದಾರಿ ಹಿಡಿದ ದೊರೆಗಳ ನಾಡುಗಳಿಗೆ ಲೂಥರನ್ ನಾಡು ಅನ್ನುತ್ತಾರೆ ಅಂತ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಒಂದು ರಾಶಿ ಪತ್ರ ಬಂದಿದೆ, ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದೇ: ಬಂಡಾಯ ಎದ್ದವನ ಮನೆಯಲ್ಲೇ ಬಂಡಾಯ ಎದ್ದವರು ಏನಾದರು? ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಅಡುಗೆಮನೆಯ ಕೆಂಪಿರುವೆ ಕಾಟಕ್ಕೆ ಉಪಾಯ ಕೇಳಿದ ರಾಜಾಜಿನಗರದವರು ದಯವಿಟ್ಟು ಇನ್ನೊಂದು ವಾರ ಸಹಿಸಿಕೊಳ್ಳಿ.

ಪ್ರಶ್ನೆ: ಕಂಪನಿ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದಾಗ ಐಸೆನಾಖ್ ಊರಿನ ವಾರ್ಟ್‌ಬುರ್ಗ್ ಕೋಟೆ ನೋಡಿದೆ. ಲೂಥರ್ ಕೂತು ಬೈಬಲ್ ಅನುವಾದ ಮಾಡಿದ ಕೋಣೆಗೆ ದೊಡ್ಡ ಕ್ಯೂ ಇತ್ತು. ಅದೇ ಕೋಟೆಯ ಇನ್ನೊಂದು ಗೋಪುರದಲ್ಲಿ ನೆಲದಲ್ಲೊಂದು ತೂತು, ಕೆಳಗೆ ಬರೀ ಕತ್ತಲು. ಅಲ್ಲಿ ಯಾರೋ ರೈತನನ್ನು ಇಟ್ಟಿದ್ದರಂತೆ. ಗೈಡ್‌ಗೆ ಅವಸರ, ಜಾಸ್ತಿ ಹೇಳಲಿಲ್ಲ. ಯಾರು ಸಾರ್ ಅವನು?
(ಜಯನಗರ)

ಉತ್ತರ: ಅವನ ಹೆಸರು ಫ್ರಿಟ್ಜ್ ಎರ್ಬೆ. ಹೆರ್ಡಾ ಅನ್ನುವ ಹಳ್ಳಿಯವನು. ನೀವು ನೋಡಿದ್ದು ದಕ್ಷಿಣದ ಗೋಪುರ. ಅವನು ಕಳ್ಳನಲ್ಲ, ಕೊಲೆಗಾರನಲ್ಲ, ದಂಗೆ ಎಬ್ಬಿಸಿದವನೂ ಅಲ್ಲ. ಮಗು ಹುಟ್ಟಿದಾಗ ಅದನ್ನು ಚರ್ಚಿಗೆ ಎತ್ತಿಕೊಂಡು ಹೋಗಿ ದೀಕ್ಷಾಸ್ನಾನ ಮಾಡಿಸಲಿಲ್ಲ. ನಂಬಿಕೆ ಅಂದರೇನು ಅಂತ ತಿಳಿಯುವ ವಯಸ್ಸು ಬಂದ ಮೇಲೆ ಮನುಷ್ಯ ತಾನಾಗಿ ಕೇಳಿ ತಗೊಳ್ಳಬೇಕಾದ್ದು ಅದು, ತೊಟ್ಟಿಲ ಕೂಸಿಗೆ ನೀರು ಹಾಕಿದರೆ ಏನು ಬಂತು ಅನ್ನುವುದು ಅವನ ಕಡೆಯವರ ವಾದ. ಊರಿನವರು ಇವರಿಗೆ ಅನಬ್ಯಾಪ್ಟಿಸ್ಟ್ ಅಂತ ಹೆಸರಿಟ್ಟರು, ಎರಡನೇ ಸಲ ಸ್ನಾನ ಮಾಡಿಸುವವರು ಅಂತ ಅರ್ಥ. ಅದು ಬೈಗುಳ. ಮೊದಲನೆಯದು ಸ್ನಾನವೇ ಅಲ್ಲ ಅನ್ನುವವರಿಗೆ ಎರಡನೆಯದು ಎಲ್ಲಿಂದ ಬಂತು ಹೇಳಿ.

1531ರಲ್ಲಿ ಒಂದು ಸಲ ಹಿಡಿದು ಬಿಟ್ಟರು. 1533ರಲ್ಲಿ ಮತ್ತೆ ಹಿಡಿದರು, ಈ ಸಲ ಬಿಡಲಿಲ್ಲ. ಅವನ ಹಳ್ಳಿ ಇದ್ದ ಸೀಮೆಯನ್ನು ಇಬ್ಬರು ದೊರೆಗಳು ಪಾಲುದಾರಿಕೆಯಲ್ಲಿ ಆಳುತ್ತಿದ್ದರು, ಒಬ್ಬ ಸ್ಯಾಕ್ಸನಿಯವನು, ಇನ್ನೊಬ್ಬ ಹೆಸ್ಸೆಯ ಫಿಲಿಪ್. ಇಬ್ಬರೂ ಲೂಥರ್ ಪಕ್ಷದವರೇ. ಸ್ಯಾಕ್ಸನಿಯವರು ತಲೆ ತೆಗೆಯಿರಿ ಅಂದರು. ಫಿಲಿಪ್ ಬೇಡ ಅಂದ. ಬರೀ ನಂಬಿಕೆಯ ಕಾರಣಕ್ಕೆ ಒಬ್ಬನ ಜೀವ ತೆಗೆಯುವುದಕ್ಕೆ ಅವನ ಮನಸ್ಸು ಕೊನೆವರೆಗೂ ಒಪ್ಪಲಿಲ್ಲ. ಹಾಗಾಗಿ ಕೊಲ್ಲುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಎರಡು ಇಲಾಖೆಗಳ ಮಧ್ಯೆ ಫೈಲ್ ಸಿಕ್ಕಿಕೊಂಡರೆ ನಮ್ಮಲ್ಲಿ ಏನಾಗುತ್ತದೋ ಅದೇ ಆಯಿತು, ಫೈಲಿನ ಬದಲು ಮನುಷ್ಯ ಸಿಕ್ಕಿಕೊಂಡಿದ್ದ. 15 ವರ್ಷ.

ಮೊದಲ ಏಳು ವರ್ಷ ಬೆಟ್ಟದ ಕೆಳಗೆ, ಐಸೆನಾಖ್ ಊರಿನ ಗೋಪುರದಲ್ಲೇ ಇಟ್ಟಿದ್ದರು. ಅಲ್ಲಿ ಒಂದು ತಲೆನೋವು ಶುರುವಾಯಿತು. ಅವನ ಕಡೆಯವರು ರಾತ್ರಿ ಹೊತ್ತು ಗೋಪುರದ ಬುಡಕ್ಕೆ ಬಂದು ಅವನ ಜೊತೆ ಮಾತಾಡಿ ಹೋಗುತ್ತಿದ್ದರು. 1537ರಲ್ಲಿ ಹಾಗೆ ಬಂದ ಇಬ್ಬರನ್ನು ಹಿಡಿದು ಕೊಂದೇಬಿಟ್ಟರು. ಕೊನೆಗೆ 1540ರಲ್ಲಿ ಎರ್ಬೆಯನ್ನು ಮೇಲಿನ ಕೋಟೆಗೆ ಸಾಗಿಸಿದರು, ಅಲ್ಲಿಗಾದರೆ ಯಾರೂ ಬಂದು ಹರಟೆ ಹೊಡೆಯುವ ಹಾಗಿಲ್ಲ. ಆ ಕೋಣೆಗೆ ಬಾಗಿಲಿಲ್ಲ. ನೀವು ಬಗ್ಗಿ ನೋಡಿದಿರಲ್ಲ, ಆ ತೂತಿನಿಂದಲೇ ಮನುಷ್ಯನನ್ನು ಇಳಿಸುವುದು, ಊಟ ಇಳಿಸುವುದೂ ಅಲ್ಲಿಂದಲೇ. ಪಾದ್ರಿಗಳು ಬಂದು ಬುದ್ಧಿ ಹೇಳಿ ನೋಡಿದರು. ಅವನು ಜಗ್ಗಲಿಲ್ಲ. 1548ರಲ್ಲಿ ಅಲ್ಲೇ ಸತ್ತ. 1925ರಲ್ಲಿ ಆ ಗೋಡೆಯಲ್ಲಿ ಅವನು ಕೆತ್ತಿದ್ದ ಹೆಸರು ಕಣ್ಣಿಗೆ ಬಿತ್ತು.

ಈಗ ನಿಮ್ಮ ಕ್ಯೂ ಇದ್ದ ಕೋಣೆಯನ್ನು ಪಕ್ಕಕ್ಕಿಟ್ಟು ನೋಡಿ. 1521ರಲ್ಲಿ ಲೂಥರ್ ಆ ಕೋಟೆಗೆ ಬಂದಿದ್ದು ತಲೆಮರೆಸಿಕೊಳ್ಳೋಕೆ. ಗಡ್ಡ ಬಿಟ್ಟಿದ್ದ, ಹೆಸರು ಬದಲಿಸಿಕೊಂಡಿದ್ದ, ಚಕ್ರವರ್ತಿಯ ಕಡೆಯವರು ಹಿಡಿದರೆ ಕಥೆ ಮುಗಿಯುತ್ತಿತ್ತು. ಎರ್ಬೆಯನ್ನು ಅದೇ ಕೋಟೆಗೆ ಇಳಿಸಿದಾಗ ಲೂಥರ್ ಇನ್ನೂ ಬದುಕಿದ್ದ. ಅವನು ತೀರಿಕೊಂಡಿದ್ದು 1546ರಲ್ಲಿ.

ಪ್ರಶ್ನೆ: ಒಂದು ಮಗುವಿಗೆ ನೀರು ಹಾಕಿಸಲಿಲ್ಲ ಅಂತ ಇಷ್ಟೊಂದು ರಂಪ ಯಾಕೆ? ಹಾಗೂ ಲೂಥರ್ ಇದಕ್ಕೆ ಒಪ್ಪಿದ್ದನೇ? ಸ್ಕೂಲಲ್ಲಿ ನಮಗೆ ಅವನನ್ನು ಮನಸ್ಸಾಕ್ಷಿಯ ಸ್ವಾತಂತ್ರ್ಯದ ವೀರ ಅಂತ ಹೇಳಿಕೊಟ್ಟಿದ್ದರು.
(ಚಾಮರಾಜಪೇಟೆ)

ಉತ್ತರ: ಮೊದಲ ಭಾಗಕ್ಕೆ ಮೊದಲು. ಆಗಿನ ಊರಿನಲ್ಲಿ ಚರ್ಚು ಬೇರೆ, ಊರು ಬೇರೆ ಅಂತ ಇರಲಿಲ್ಲ. ಹುಟ್ಟಿದ್ದಕ್ಕೆ, ಮದುವೆಗೆ, ಮಣ್ಣು ಮಾಡೋದಕ್ಕೆ ಎಲ್ಲದಕ್ಕೂ ಪಾದ್ರಿಯೇ ಬೇಕು. ದೀಕ್ಷಾಸ್ನಾನ ಅಂದರೆ ದೇವರ ಮನೆಗೆ ಸೇರುವುದೂ ಹೌದು, ಊರಿಗೆ ಸೇರುವುದೂ ಹೌದು. ಅದನ್ನು ಬೇಡ ಅಂದವನು ನಿಮ್ಮ ಊರೇ ನನಗೆ ಬೇಡ ಅಂದಂತೆ ಕೇಳಿಸುತ್ತಿತ್ತು. ಜೊತೆಗೆ ಈ ಜನ ಆಣೆ ಇಡುವುದಿಲ್ಲ, ಕತ್ತಿ ಹಿಡಿಯುವುದಿಲ್ಲ ಅಂತಲೂ ಅನ್ನುತ್ತಿದ್ದರು. ಆಣೆ ಮೇಲೆಯೇ ನಿಂತಿದ್ದ ಆಡಳಿತಕ್ಕೆ ಇದು ಸಣ್ಣ ವಿಷಯವಲ್ಲ.

1529ರಲ್ಲಿ ಸ್ಪೇಯರ್ ಊರಿನಲ್ಲಿ ಸಾಮ್ರಾಜ್ಯದ ಸಭೆ ಸೇರಿತು. ಲೂಥರ್ ಕಡೆಯ ದೊರೆಗಳು ತಮ್ಮ ನಂಬಿಕೆಗೆ ಅಡ್ಡ ಬರುವ ತೀರ್ಮಾನವನ್ನು ವಿರೋಧಿಸಿ ಪ್ರತಿಭಟನೆ ಬರೆದುಕೊಟ್ಟರು. ಪ್ರೊಟೆಸ್ಟೆಂಟ್ ಅನ್ನುವ ಹೆಸರು ಹುಟ್ಟಿದ್ದು ಅಲ್ಲೇ. ಅದೇ ಸಭೆ, ಅದೇ ತಿಂಗಳು, ಅನಬ್ಯಾಪ್ಟಿಸ್ಟರಿಗೆ ಮರಣದಂಡನೆ ಅನ್ನುವ ಕಾನೂನೂ ಬಂತು. ಅದಕ್ಕೆ ಆಧಾರ ಏನು ಗೊತ್ತಾ, ಸಾವಿರ ವರ್ಷ ಹಿಂದಿನ ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ಕಾನೂನಿನ ಪುಸ್ತಕ. ಈ ವಿಷಯಕ್ಕೆ ಬಂದಾಗ ಪೋಪನ ಕಡೆಯವರು, ಲೂಥರ್ ಕಡೆಯವರು ಅಂತ ಭೇದ ಇರಲಿಲ್ಲ.

ಲೂಥರ್ ವಿಷಯ. ನಿಮ್ಮ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಅರ್ಧ. 1523ರಲ್ಲಿ ಅವನು ಬರೆದದ್ದರಲ್ಲಿ, ತಪ್ಪು ನಂಬಿಕೆಯನ್ನು ಕತ್ತಿಯಿಂದ ತಡೆಯೋಕಾಗುವುದಿಲ್ಲ ಅನ್ನುವ ಮಾತು ಸ್ಪಷ್ಟವಾಗಿದೆ. 1528ರಲ್ಲೂ ಅನಬ್ಯಾಪ್ಟಿಸ್ಟರ ವಿರುದ್ಧವೇ ಬರೆಯುತ್ತಾ, ಈ ಬಡಪಾಯಿಗಳನ್ನು ಹೀಗೆ ಸುಟ್ಟು ಕೊಲ್ಲುವುದು ಸರಿಯಲ್ಲ ಅಂದ. ಆಮೇಲೆ ರೈತ ದಂಗೆಯ ನೆನಪು, ಸುತ್ತಲಿನ ಭಯ, ಸ್ನೇಹಿತ ಮೆಲಾಂಖ್ಟನ್ನನ ಒತ್ತಾಯ ಎಲ್ಲಾ ಸೇರಿ ಮನಸ್ಸು ತಿರುಗಿತು. 1534ರಲ್ಲಿ ಮ್ಯೂನ್‌ಸ್ಟರ್ ಎಂಬ ಊರನ್ನು ಅನಬ್ಯಾಪ್ಟಿಸ್ಟರ ಒಂದು ಉಗ್ರ ಗುಂಪು ವಶ ಮಾಡಿಕೊಂಡಿತು, ಬಹುಪತ್ನಿತ್ವ, ರಾಜ್ಯಾಭಿಷೇಕ ಎಲ್ಲಾ ನಡೆದು 1535ರಲ್ಲಿ ರಕ್ತದಲ್ಲಿ ಮುಗಿಯಿತು. ಮುಖಂಡರ ಹೆಣ ತೂಗುಹಾಕಿದ ಮೂರು ಕಬ್ಬಿಣದ ಪಂಜರ ಇವತ್ತಿಗೂ ಅಲ್ಲಿಯ ಚರ್ಚಿನ ಗೋಪುರದಲ್ಲಿವೆ. ಆಮೇಲೆ ಯಾವ ಹಳ್ಳಿಯಲ್ಲಿ ಯಾವ ಸಾಧು ರೈತ ಮಗುವಿಗೆ ನೀರು ಬೇಡ ಅಂದರೂ ಇವನು ಇನ್ನೊಬ್ಬ ಮ್ಯೂನ್‌ಸ್ಟರ್‌ನವನು ಅಂತಲೇ ಕಾಣಿಸತೊಡಗಿತು. 1536ರಲ್ಲಿ ವಿಟ್ಟೆನ್‌ಬರ್ಗ್ ಪಂಡಿತರು ಮರಣದಂಡನೆ ಕೊಡಬಹುದು ಅಂತ ಅಭಿಪ್ರಾಯ ಬರೆದುಕೊಟ್ಟಾಗ ಲೂಥರ್ ಕೂಡ ಸಹಿ ಹಾಕಿದ. ಇದು ನಿಯಮ, ಆದರೂ ದೊರೆ ದಯೆ ತೋರಿಸಬಹುದು ಅನ್ನುವ ಅರ್ಥದ ಒಂದು ಸಾಲನ್ನು ಕೊನೆಗೆ ಸೇರಿಸಿದ. ಆ ಒಂದು ಸಾಲಿಗೆ ನಾನಂತೂ ಜಾಸ್ತಿ ಮಾರ್ಕ್ಸ್ ಕೊಡುವುದಿಲ್ಲ.

ಫಿಲಿಪ್ ಮಾಡಿದ್ದು ನನಗೆ ಇಷ್ಟ. 1538ರಲ್ಲಿ ಅವನು ಸ್ಟ್ರಾಸ್‌ಬುರ್ಗ್‌ನಿಂದ ಮಾರ್ಟಿನ್ ಬುಟ್ಸರ್ ಎಂಬ ಪಾದ್ರಿಯನ್ನು ಕರೆಸಿ ಜೈಲಿನಲ್ಲಿದ್ದ ಅನಬ್ಯಾಪ್ಟಿಸ್ಟರ ಜೊತೆ ಕೂರಿಸಿ ಮಾತಾಡಿಸಿದ. ನಿಮ್ಮ ಸಭೆಯಲ್ಲಿ ಶಿಸ್ತೇ ಇಲ್ಲ, ಹೇಗೆ ಬದುಕಿದರೂ ನಡೆಯುತ್ತದೆ, ಇದೇನು ಸಭೆ ಅಂತ ಅವರು ಕೇಳಿದರು. ಬುಟ್ಸರ್‌ಗೆ ಅದರಲ್ಲಿ ಹುರುಳಿದೆ ಅನ್ನಿಸಿತು. ಮಗುವಿಗೆ ಸ್ನಾನ ಆಗಲಿ, ಆದರೆ ಬೆಳೆದ ಮೇಲೆ ಪಾಠ ಕಲಿತು ಎಲ್ಲರೆದುರು ತಾನೇ ಬಾಯಿಬಿಟ್ಟು ಹೌದು ಅನ್ನಲಿ ಅಂತ ಹೊಸ ಪದ್ಧತಿ ತಂದ. ನಿಮ್ಮ ಪಕ್ಕದ ಮನೆಯ ಕ್ರೈಸ್ತ ಹುಡುಗ ಹುಡುಗಿಯರು ಇವತ್ತು ಸಭೆಯ ಮುಂದೆ ನಿಂತು ದೃಢೀಕರಣ ತಗೊಳ್ಳುತ್ತಾರಲ್ಲ, ಪ್ರೊಟೆಸ್ಟೆಂಟರಲ್ಲಿ ಅದರ ಬೇರು ಇಲ್ಲಿದೆ. ಜೈಲಿನಲ್ಲಿದ್ದವರು ಕೇಳಿದ ಪ್ರಶ್ನೆಯಿಂದ ಬಂದದ್ದು. ಹೆಸ್ಸೆಯಲ್ಲಿ ಬಹಳ ಜನ ಅನಬ್ಯಾಪ್ಟಿಸ್ಟರು ಸಭೆಗೆ ವಾಪಸ್ ಬಂದರು, ಬೆಂಕಿ ಕತ್ತಿ ಇಲ್ಲದೆ.

ಪ್ರಶ್ನೆ: ಇದಕ್ಕೆಲ್ಲಾ ಆಮೇಲೆ ಯಾರಾದರೂ ಕ್ಷಮೆ ಕೇಳಿದ್ದುಂಟಾ?
(ಹೆಬ್ಬಾಳ)

ಉತ್ತರ: ಉಂಟು. 2010ರ ಜುಲೈನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸೇರಿದ ಲೂಥರನ್ ವಿಶ್ವ ಒಕ್ಕೂಟ, ಅನಬ್ಯಾಪ್ಟಿಸ್ಟರ ಇಂದಿನ ವಾರಸುದಾರರಾದ ಮೆನೊನೈಟರ ಮುಂದೆ ಕ್ಷಮೆ ಕೇಳಿತು. ಲೂಥರನ್ನರ ಮೂಲ ನಂಬಿಕೆಯ ಪತ್ರವನ್ನು ಆಗ್ಸ್‌ಬುರ್ಗ್‌ನಲ್ಲಿ ಓದಿದ್ದು 1530ರಲ್ಲಿ, ಅದರಲ್ಲಿ ಅನಬ್ಯಾಪ್ಟಿಸ್ಟರನ್ನು ಹೆಸರು ಹಿಡಿದು ಖಂಡಿಸಿದೆ. ನಡುವೆ 480 ವರ್ಷ. ತಡ ಆಯಿತು ಅನ್ನಬಹುದು, ಆದರೆ ಕೇಳಿದರಲ್ಲ.

ಪ್ರಶ್ನೆ: ಅಲ್ಲಿ ಚಮ್ಮಾರನೊಬ್ಬ ದೊಡ್ಡ ತತ್ವಜ್ಞಾನಿ ಆಗಿದ್ದ ಅಂತ ಕೇಳಿದ್ದೇನೆ, ಪಾದ್ರಿಗಳು ಅವನಿಗೆ ತುಂಬಾ ಕಾಟ ಕೊಟ್ಟರಂತೆ. ನಮ್ಮ ಹರಳಯ್ಯನ ಹಾಗೆ ಅಲ್ವಾ?
(ಮಲ್ಲೇಶ್ವರ)

ಉತ್ತರ: ಕಸುಬು ಒಂದೇ, ಕಥೆ ಬೇರೆ. ನೀವು ಕೇಳುತ್ತಿರುವುದು ಗ್ಯೋರ್ಲಿಟ್ಸ್ ಊರಿನ ಯಾಕೋಬ್ ಬ್ಯೋಮೆ ಬಗ್ಗೆ. 1575ರಲ್ಲಿ ಹುಟ್ಟಿದವನು. ಒಂದು ದಿನ ತವರದ ತಟ್ಟೆಯ ಮೇಲೆ ಬಿದ್ದ ಬಿಸಿಲಿನ ಹೊಳಪು ನೋಡುತ್ತಾ ನೋಡುತ್ತಾ ಅವನಿಗೆ ಲೋಕದ ಒಳಗುಟ್ಟು ತೆರೆದುಕೊಂಡಿತು ಅಂತ ಅವನ ಶಿಷ್ಯರು ಹೇಳುತ್ತಾರೆ. ಹನ್ನೆರಡು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದು 1612ರಲ್ಲಿ ಬರೆದ. ಅಚ್ಚು ಹಾಕಿಸುವ ಉದ್ದೇಶವೇ ಇರಲಿಲ್ಲ, ಸ್ನೇಹಿತರು ಕೈಬರಹದಲ್ಲಿ ನಕಲು ಮಾಡಿ ಹಂಚಿದರು. ಅದೊಂದು ನಕಲು ಊರಿನ ಮುಖ್ಯ ಪಾದ್ರಿ ಗ್ರೆಗೊರ್ ರಿಕ್ಟರ್ ಕೈಗೆ ಸಿಕ್ಕಿತು. ಮುಂದೆ ಕೇಳಬೇಕೇ. 1613ರಲ್ಲಿ ಊರಿನ ಪಂಚರು ಬ್ಯೋಮೆಯನ್ನು ಕರೆಸಿ, ಸ್ವಲ್ಪ ಹೊತ್ತು ಕೂಡಿಹಾಕಿ, ಪುಸ್ತಕ ಕಿತ್ತುಕೊಂಡು, ಇನ್ನು ಬರೆಯಬೇಡ ಅಂದು ಕಳಿಸಿದರು. ಐದಾರು ವರ್ಷ ಅವನು ಬರೆಯಲಿಲ್ಲ. ಜೋಡು ಹೊಲಿಯುವ ಜಾಗ ಮಾರಿಬಿಟ್ಟು ನೂಲಿನ ವ್ಯಾಪಾರಕ್ಕೆ ಇಳಿದ. ಆಮೇಲೆ ತಡೆಯೋಕಾಗದೆ ಮತ್ತೆ ಶುರು ಮಾಡಿದ, ಆಗ ಬರೆದದ್ದಕ್ಕೆ ಲೆಕ್ಕವೇ ಇಲ್ಲ.

1624ರಲ್ಲಿ ಸ್ನೇಹಿತರು ಅವನದೊಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದರು. ರಿಕ್ಟರ್ ಕೆರಳಿ ಲ್ಯಾಟಿನ್‌ನಲ್ಲಿ ಬೈದು ಪದ್ಯ ಬರೆದ, ಆ ಪುಸ್ತಕದಲ್ಲಿ ಬರೀ ಚಮ್ಮಾರನ ರಾಳದ ನಾತ, ಬೂಟಿನ ಕಪ್ಪಿನ ನಾತ ಅಂತ. ಓದಿದವರಿಗೆ ಇಲ್ಲಿ ನಿಜವಾದ ಸಿಟ್ಟು ಯಾವುದರ ಮೇಲೆ ಅಂತ ಗೊತ್ತಾಗುತ್ತದೆ. ಹೇಳಿದ್ದು ಏನು ಅನ್ನುವುದಕ್ಕಿಂತ ಹೇಳಿದವನು ಯಾರು ಅನ್ನುವುದೇ ಚುಚ್ಚಿದ್ದು. ಅದೇ ವರ್ಷ ಮೊದಲು ರಿಕ್ಟರ್ ಸತ್ತ, ನವೆಂಬರ್‌ನಲ್ಲಿ ಬ್ಯೋಮೆ. ಸಾಯುವ ಹೊತ್ತಿನಲ್ಲೂ ಹೊಸ ಪಾದ್ರಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ, ಉತ್ತರ ಸಮಾಧಾನ ತಂದ ಮೇಲೆಯೇ ಕರ್ತನ ಭೋಜನ ಕೊಟ್ಟಿದ್ದು. ಹೂಳುವುದಕ್ಕೂ ತಕರಾರು ಬಂತು. ಸಮಾಧಿಯ ಮೇಲೆ ನೆಟ್ಟ ಶಿಲುಬೆಗೆ ಯಾರೋ ಕೆಸರು ಮೆತ್ತಿ ಹಾಳು ಮಾಡಿದರು.

ಆದರೆ ಗಮನಿಸಿ, ಅವನು ಚರ್ಚು ಬಿಟ್ಟು ಹೋಗಲಿಲ್ಲ. ಕೊನೆವರೆಗೂ ನಾನು ಲೂಥರನ್ನನೇ ಅನ್ನುತ್ತಿದ್ದ. ಹರಳಯ್ಯನ ಕಥೆಯಲ್ಲಿ ಕಲ್ಯಾಣವೇ ಹತ್ತಿ ಉರಿಯಿತು, ಮದುವೆ ಸಂಬಂಧದ ಮೇಲೆ ಜಾತಿಯ ಗೋಡೆ ಅಲ್ಲಾಡಿತು. ಬ್ಯೋಮೆ ಯಾವ ಗೋಡೆಗೂ ಕೈ ಹಾಕಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಹೋಗಬೇಡಿ. ಹರಳಯ್ಯನ ಚಮ್ಮಾವುಗೆ ತೂಕವೇ ಬೇರೆ.

ಪ್ರಶ್ನೆ: ಸರಕಾರಿ ನೌಕರ ನಾನು. ಮನಸ್ಸಿಲ್ಲದ ಎಷ್ಟೋ ಕಾಗದಕ್ಕೆ ಸಹಿ ಹಾಕಿದ್ದೇನೆ. ಆ ಕಾಲದಲ್ಲಿ ಹಾಗೆ ಸಹಿ ಹಾಕಿ ಸುಮ್ಮನಿದ್ದ ಪಾದ್ರಿಗಳು ಇದ್ದರಾ?
(ವಿಜಯನಗರ)

ಉತ್ತರ: ಬೇಕಾದಷ್ಟು ಇದ್ದಿರಬೇಕು, ಸಿಕ್ಕಿಬಿದ್ದವನು ಒಬ್ಬ. ಅದೂ ಸತ್ತ ಮೇಲೆ! 1577ರಲ್ಲಿ ಲೂಥರನ್ನರ ಒಳಜಗಳ ಮುಗಿಸಲು ಒಂದು ಒಪ್ಪಂದದ ಪತ್ರ ಸಿದ್ಧವಾಯಿತು. ಸುಮಾರು 8000 ಪಾದ್ರಿಗಳು, ಮೇಷ್ಟ್ರುಗಳು ಸಹಿ ಹಾಕಿದರು. ಸ್ಯಾಕ್ಸನಿಯ ತ್ಶೋಪಾವ್ ಎಂಬ ಸಣ್ಣ ಊರಿನ ಪಾದ್ರಿ ವಾಲೆಂಟಿನ್ ವೈಗೆಲ್ ಕೂಡ ಹಾಕಿದ. ಭಾನುವಾರ ಎಲ್ಲರಂತೆ ಪ್ರಸಂಗ ಮಾಡುತ್ತಿದ್ದ, ಊರಿನವರಿಗೆ ಒಳ್ಳೆಯವನು. ರಾತ್ರಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದದ್ದು ಬೇರೆ: ಕಲ್ಲಿನ ಚರ್ಚು ಮುಖ್ಯವಲ್ಲ, ಒಳಗಿನ ಬೆಳಕು ಮುಖ್ಯ, ಹೊರಗಿನ ವಿಧಿಗಳಿಂದ ಯಾರೂ ಉದ್ಧಾರವಾಗುವುದಿಲ್ಲ ಅಂತ. 1588ರಲ್ಲಿ ಮರ್ಯಾದೆಯಿಂದ ಸತ್ತ. 1609ರಿಂದ ಆ ಬರಹಗಳು ಒಂದೊಂದಾಗಿ ಅಚ್ಚಾಗಿ ಹೊರಗೆ ಬಂದಾಗ ಎಲ್ಲರೂ ಬೆಚ್ಚಿಬಿದ್ದರು. ಆಮೇಲೆ ವೈಗೆಲಿಯನ್ ಅನ್ನುವುದೇ ಒಂದು ಬೈಗುಳ ಆಯಿತು.

ಯಾಕೆ ಸಹಿ ಹಾಕಿದೆ ಅಂತ ಅವನೇ ಗುಟ್ಟಾಗಿ ಬರೆದಿಟ್ಟಿದ್ದಾನೆ. ಸಾರಾಂಶ ಏನೆಂದರೆ ಅವಸರ ಮಾಡಿದರು, ಯೋಚಿಸೋಕೆ ಬಿಡಲಿಲ್ಲ, ನಾನೊಬ್ಬ ಆಗಲ್ಲ ಅಂದಿದ್ದರೆ ಎಲ್ಲರ ಕಣ್ಣೂ ನನ್ನ ಮೇಲೆ ಬೀಳುತ್ತಿತ್ತು. ನಿಮಗೆ ಪರಿಚಯದ ಮಾತು ಅನ್ನಿಸುತ್ತದೆ ಅಲ್ವಾ?

ಪ್ರಶ್ನೆ: ಜನಸಾಮಾನ್ಯರು ಯಾವಾಗಲೂ ಬಂಡಾಯದ ಕಡೆಯೇ ಇದ್ದರಾ?
(ಶಿವಾಜಿನಗರ)

ಉತ್ತರ: ಇಲ್ಲ. ಎಷ್ಟೋ ಸಲ ಜನ ಹಳೆಯದರ ಕಡೆ. 1591ರಲ್ಲಿ ಸ್ಯಾಕ್ಸನಿಯ ಆಸ್ಥಾನದವರು ದೀಕ್ಷಾಸ್ನಾನದಲ್ಲಿ ದೆವ್ವ ಬಿಡಿಸುವ ಮಂತ್ರವನ್ನು ತೆಗೆದುಹಾಕಿದರು. ಅವರಿಗೆ ಅದು ಮೂಢನಂಬಿಕೆ, ಲೂಥರನ್ನರಿಗೆ ಆಗದ ಇನ್ನೊಂದು ಪ್ರೊಟೆಸ್ಟೆಂಟ್ ಪಂಥವಾದ ಕ್ಯಾಲ್ವಿನ್ ಪಂಥದ ಗಾಳಿ ಬೀಸಿತ್ತು. ಆಗ ಡ್ರೆಸ್ಡೆನ್‌ನ ಕಸಾಯಿಯೊಬ್ಬ ಮಾಂಸ ಕಡಿಯುವ ಮಚ್ಚು ಹಿಡಿದುಕೊಂಡೇ ಮಗುವಿನ ಸ್ನಾನಕ್ಕೆ ಬಂದು, ಮಂತ್ರ ಬಿಟ್ಟರೆ ತಲೆ ಒಡೆಯುತ್ತೇನೆ ಅಂತ ಪಾದ್ರಿಯ ಎದುರು ನಿಂತನಂತೆ. ಅಪ್ಪನ ಹೊಟ್ಟೆ ಉರಿ ನನಗೆ ಅರ್ಥವಾಗುತ್ತದೆ, ಮಗುವಿಗೆ ದೃಷ್ಟಿ ತೆಗೆಯುವುದನ್ನು ನಿಲ್ಲಿಸಿ ಅಂತ ನಮ್ಮಜ್ಜಿಗೆ ಹೇಳಿದ್ದರೆ ಮಚ್ಚಲ್ಲದಿದ್ದರೂ ಸೌಟಾದರೂ ಎತ್ತುತ್ತಿದ್ದಳು. ಆ ಬದಲಾವಣೆಯ ಹಿಂದಿದ್ದ ಮಂತ್ರಿ ನಿಕೋಲಾಸ್ ಕ್ರೆಲ್. ಅವನ ದೊರೆ ಅದೇ ವರ್ಷ ಸತ್ತ, ಕ್ರೆಲ್ ಜೈಲಿಗೆ ಹೋದ, ಹತ್ತು ವರ್ಷದ ಮೇಲೆ 1601ರಲ್ಲಿ ತಲೆ ಹೋಯಿತು. ಆ ಕತ್ತಿಯ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿಸಿದ್ದರು: ಕ್ಯಾಲ್ವಿನ್ ಕಡೆಯವನೇ, ಹುಷಾರ್.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರು ನಮ್ಮ ಮನೆಯ ಶನಿವಾರದ ಭಜನೆಗೆ ಹದಿನೈದು ಜನಕ್ಕಿಂತ ಜಾಸ್ತಿ ಬರಬಾರದು, ಎಂಟರ ಮೇಲೆ ಹಾಡಬಾರದು, ಮೊದಲೇ ತಿಳಿಸಬೇಕು ಅಂತ ಸರ್ಕ್ಯುಲರ್ ಹೊರಡಿಸಿದ್ದಾರೆ. ಅಲ್ಲೂ ಇಂಥದ್ದೇನೋ ಕಾನೂನು ಇತ್ತಂತೆ, ನಿಜವಾ?
(ಜೆ.ಪಿ. ನಗರ)

ಉತ್ತರ: ನಿಮ್ಮ ಅಸೋಸಿಯೇಷನ್ ಕಾರ್ಯದರ್ಶಿಗಳು ಹದಿನೆಂಟನೇ ಶತಮಾನದ ಸ್ವೀಡನ್ನಿನ ಇತಿಹಾಸ ಓದಿಕೊಂಡವರೇ ಇರಬೇಕು.

ಹಿನ್ನೆಲೆ ಇಷ್ಟು. 1670ರ ಹೊತ್ತಿಗೆ ಫ್ರಾಂಕ್‌ಫರ್ಟ್‌ನಲ್ಲಿ ಸ್ಪೇನರ್ ಎಂಬ ಪಾದ್ರಿ ಮನೆಯಲ್ಲಿ ನಾಲ್ಕು ಜನ ಸೇರಿ ಬೈಬಲ್ ಓದಿ, ಚರ್ಚೆ ಮಾಡಿ, ಪ್ರಾರ್ಥನೆ ಮಾಡುವ ರೂಢಿ ಶುರು ಮಾಡಿದ. ಚರ್ಚಿಗೆ ಹೋಗಬೇಡಿ ಅಂತ ಅವನು ಹೇಳಲಿಲ್ಲ, ಚರ್ಚು ಸಾಲದು ಅಂದ ಅಷ್ಟೇ. ಇವರಿಗೆ ಪಯಟಿಸ್ಟರು ಅಂತ ಹೆಸರು ಬಿತ್ತು, ಭಕ್ತಿಯವರು ಅಂತ ಇಟ್ಟುಕೊಳ್ಳಿ. ಇದು ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಪಾದ್ರಿಗಳಿಗೆ ಹೊಟ್ಟೆಯಲ್ಲಿ ತಳಮಳ. ನೇಯುವವನು, ಹೊಲ ಉಳುವವನು, ಮನೆ ಕೆಲಸದ ಹುಡುಗಿ ಎಲ್ಲಾ ಬೈಬಲ್ ಬಿಡಿಸಿಟ್ಟುಕೊಂಡು ಅರ್ಥ ಹೇಳೋಕೆ ಕೂತರೆ ನಮ್ಮ ಗತಿ ಏನು? ತಮಾಷೆ ಅಂದರೆ ಜನಕ್ಕೆ ಓದು ಕಲಿಸಿದ್ದೂ ಅದೇ ಚರ್ಚು. ಸ್ವೀಡನ್ನಿನಲ್ಲಿ ಪಾದ್ರಿ ಪ್ರತಿ ಮನೆಯವರಿಗೂ ಪರೀಕ್ಷೆ ಇಟ್ಟು, ಯಾರಿಗೆ ಎಷ್ಟು ಓದೋಕೆ ಬರುತ್ತದೆ, ಪ್ರಶ್ನೋತ್ತರ ಎಷ್ಟು ಬಾಯಿಪಾಠ ಆಗಿದೆ ಅಂತ ದೊಡ್ಡ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಓದೋಕೆ ಬಂದ ಮೇಲೆ ಜನ ಓದಿದರು. ಓದಿದ್ದೇ ತಪ್ಪಾಯಿತು. ಅಲ್ಲಿ ಇಂಥವರನ್ನು ಓದುಗರು ಅಂತಲೇ ಹಂಗಿಸುತ್ತಿದ್ದರು. ಈ ಅಂಕಣಕ್ಕೆ ಬರೆಯುವ ನೀವೆಲ್ಲಾ ಆಗ ಅಲ್ಲಿದ್ದರೆ ಅಪರಾಧಿಗಳೇ.

1726ರ ಜನವರಿಯಲ್ಲಿ ಸ್ವೀಡನ್ ಆಜ್ಞೆ ಹೊರಡಿಸಿತು: ಮನೆಯವರು ಕೂತು ಪ್ರಾರ್ಥನೆ ಮಾಡಿಕೊಳ್ಳಬಹುದು, ಹೊರಗಿನವರನ್ನು ಸೇರಿಸಿಕೊಂಡು ಕೂಟ ಮಾಡುವ ಹಾಗಿಲ್ಲ. ತಪ್ಪಿದರೆ ದಂಡ, ದಂಡ ಕಟ್ಟದಿದ್ದರೆ ರೊಟ್ಟಿ ನೀರಿನ ಜೈಲು, ಮತ್ತೆ ಮತ್ತೆ ಮಾಡಿದರೆ ಗಡೀಪಾರು. ಈ ಕಾನೂನು ಎತ್ತಿದ್ದು 1858ರಲ್ಲಿ. 132 ವರ್ಷ! ಥಾಮಸ್ ಲಿಯೊಪೋಲ್ಡ್ ಎಂಬವನು ತನ್ನ ಮಾತು ವಾಪಸ್ ತಗೊಳ್ಳದೆ 1728ರಿಂದ 1771ರಲ್ಲಿ ಸಾಯುವವರೆಗೆ ಬಂಧನದಲ್ಲೇ ಇದ್ದ, ಬಹುಪಾಲು ಬೋಹುಸ್ ಕೋಟೆಯಲ್ಲಿ. ಒಳಗೆ ಹೋದಾಗ ವಯಸ್ಸು ಮೂವತ್ತೈದು ಇರಬಹುದು. ಸಾಯುವಾಗ ಎಂಬತ್ತರ ಹತ್ತಿರ.

ಡೆನ್ಮಾರ್ಕ್ ಮತ್ತು ನಾರ್ವೆಯಲ್ಲಿ (ಆಗ ಎರಡಕ್ಕೂ ಒಬ್ಬನೇ ರಾಜ) ಇಂಥದ್ದೇ ಕಾನೂನು 1741ರಲ್ಲಿ ಬಂತು. ರಾಜ ಆರನೇ ಕ್ರಿಶ್ಚಿಯನ್ ಸ್ವತಃ ಭಕ್ತಿಯವನೇ. ಅವನಿಗೆ ಕೂಟ ಬೇಕು, ಆದರೆ ಪಾದ್ರಿಯ ಕಣ್ಣಳತೆಯಲ್ಲಿ ಬೇಕು. ಪಾದ್ರಿಗೆ ತಿಳಿಸದೆ ಸೇರಬಾರದು, ಊರೂರು ಅಲೆದು ಪ್ರಸಂಗ ಮಾಡಬಾರದು. ಈ ಕಾನೂನಿನ ಬಾಯಿಗೆ ಸಿಕ್ಕವನು ಹಾನ್ಸ್ ನೀಲ್ಸನ್ ಹೌಗೆ, ನನಗೆ ಈ ಇಡೀ ಕಥೆಯಲ್ಲಿ ಅತಿ ಪ್ರೀತಿಯ ಮನುಷ್ಯ.

ರೈತನ ಮಗ. 1796ರ ಏಪ್ರಿಲ್ 5ರಂದು ಅಪ್ಪನ ಹೊಲ ಉಳುತ್ತಾ ಕೀರ್ತನೆ ಹಾಡುತ್ತಿದ್ದಾಗ ಮೈಮೇಲೆ ಎಚ್ಚರ ತಪ್ಪಿದ ಹಾಗೆ ಆಯಿತು, ದೇವರು ಒಳಗೆ ಬಂದ ಹಾಗೆ ಅನ್ನಿಸಿತು. ಅವತ್ತಿನಿಂದ ನಡೆಯೋಕೆ ಶುರು ಮಾಡಿದ. ನಾರ್ವೆಯ ಉದ್ದಗಲ, ಹಿಮ, ಬೆಟ್ಟ ಏನೂ ನೋಡದೆ ಕಾಲ್ನಡಿಗೆ. ಟೈಮ್ ವೇಸ್ಟ್ ಆಗಬಾರದು ಅಂತ ನಡೆಯುತ್ತಾ ನಡೆಯುತ್ತಾ ಕೈಯಲ್ಲಿ ಉಣ್ಣೆ ಹೆಣೆಯುತ್ತಿದ್ದನಂತೆ. ಹೋದ ಊರಿನಲ್ಲಿ ಬರೀ ಪ್ರಾರ್ಥನೆ ಅಲ್ಲ, ಕಾಗದದ ಗಿರಣಿ ಹಾಕಿಸಿದ, ವ್ಯಾಪಾರ ಹಚ್ಚಿಕೊಟ್ಟ. ಪಾದ್ರಿಗಳಿಗೆ ಮೊದಲೇ ಸಿಟ್ಟು, ಈಗ ವರ್ತಕರಿಗೂ ಸಿಟ್ಟು. ಮತ್ತೆ ಮತ್ತೆ ಹಿಡಿದು ಬಿಡುತ್ತಿದ್ದರು, 1804ರಲ್ಲಿ ಹಿಡಿದವರು ಮಾತ್ರ ಬಿಡಲಿಲ್ಲ. ವಿಚಾರಣೆ ಎಳೆಯಿತು, ಎಳೆಯಿತು, ಕೋರ್ಟ್ ಅಂದರೆ ಎಲ್ಲಾ ಕಡೆ ಒಂದೇ ನೋಡಿ.

1809ರಲ್ಲಿ ಬ್ರಿಟಿಷರು ಸಮುದ್ರಕ್ಕೆ ದಿಗ್ಬಂಧನ ಹಾಕಿದ್ದರು. ನಾರ್ವೆಗೆ ಉಪ್ಪು ಬರುವುದು ನಿಂತಿತು. ಉಪ್ಪಿಲ್ಲದೆ ಮೀನು ಇಡೋಕಾಗುವುದಿಲ್ಲ, ಮೀನಿಲ್ಲದೆ ಚಳಿಗಾಲ ಕಳೆಯೋಕಾಗುವುದಿಲ್ಲ. ಸಮುದ್ರದ ನೀರು ಕುದಿಸಿ ಉಪ್ಪು ತೆಗೆಯುವ ಕೆಲಸ ಯಾರಿಗೆ ಗೊತ್ತು? ಜೈಲಿನಲ್ಲಿರುವ ಹೌಗೆಗೆ! ಸರಕಾರವೇ ಅವನನ್ನು ಹೊರಗೆ ಬಿಟ್ಟು ಕರಾವಳಿಯಲ್ಲಿ ಉಪ್ಪಿನ ಭಟ್ಟಿ ಹಾಕಿಸಿತು. ಅವನು ಹಾಕಿಸಿಕೊಟ್ಟ. ಕೆಲಸ ಮುಗಿದ ಮೇಲೆ ವಾಪಸ್ ಒಳಗೆ ಹಾಕಿದರು. ಇದನ್ನು ಓದಿದಾಗೆಲ್ಲಾ ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅನ್ನುವ ನಮ್ಮ ಮಾತು ನೆನಪಾಗುತ್ತದೆ. 1814ರಲ್ಲಿ ಕೊನೆಯ ತೀರ್ಪು ಬಂತು, 1000 ರಿಕ್ಸ್‌ಡಾಲರ್ ದಂಡ. ಅಷ್ಟರಲ್ಲಿ ಅವನ ಆರೋಗ್ಯ ಹೋಗಿತ್ತು. 1824ರಲ್ಲಿ ತೀರಿಕೊಂಡ. ನಾರ್ವೆ ಆ ಕಾನೂನು ತೆಗೆದದ್ದು 1842ರಲ್ಲಿ. ಅಷ್ಟರಲ್ಲೇ ಕೆಲವರಿಗೆ ತಾಳ್ಮೆ ಮುಗಿದಿತ್ತು, 1825ರ ಜುಲೈನಲ್ಲಿ ಸ್ಟವಾಂಗರ್‌ನಿಂದ ಕ್ವೇಕರ್ ಎಂಬ ಇನ್ನೊಂದು ಕ್ರೈಸ್ತ ಪಂಥದವರು, ಹೌಗೆ ಕಡೆಯವರು ಸೇರಿ 52 ಜನ ಒಂದು ಪುಟ್ಟ ಹಡಗಿನಲ್ಲಿ ಅಮೆರಿಕಕ್ಕೆ ಹೊರಟರು. ನ್ಯೂಯಾರ್ಕ್ ಮುಟ್ಟಿದಾಗ 53 ಜನ ಇದ್ದರು, ದಾರಿಯಲ್ಲಿ ಒಂದು ಕೂಸು ಹುಟ್ಟಿತ್ತು.

ನಿಮ್ಮ ಭಜನೆ ವಿಷಯಕ್ಕೆ: ಎಂಟರ ಬದಲು ಏಳಕ್ಕೆ ಮುಗಿಸಿ, ಕಾರ್ಯದರ್ಶಿಗಳನ್ನೂ ಕರೆದು ಕೋಸಂಬರಿ ಕೊಡಿ. ಹೌಗೆಯಷ್ಟು ಹಟ ನಿಮಗೆ ಬೇಕಾಗಿಲ್ಲ.

ಪ್ರಶ್ನೆ: ಬರೀ ಗಂಡಸರ ಕಥೆಯೇ ಆಯಿತು. ಹೆಂಗಸರು ಎಲ್ಲಿ?
(ಬಸವನಗುಡಿ)

ಉತ್ತರ: ಒಪ್ಪಿದೆ, ತಪ್ಪು ನನ್ನದು. ಆನ್ನಾ ಓವೆನಾ ಹೋಯರ್ಸ್ ಹೆಸರು ಬರೆದಿಟ್ಟುಕೊಳ್ಳಿ. 1584ರಲ್ಲಿ ಹುಟ್ಟಿದವಳು, ಉತ್ತರ ಜರ್ಮನಿಯ ಜಮೀನ್ದಾರನ ವಿಧವೆ. ಊರಿಂದ ಊರಿಗೆ ಓಡಿಸಿಕೊಂಡು ಬಂದ ಭಿನ್ನಮತದವರಿಗೆ ತನ್ನ ಮನೆಯಲ್ಲಿ ಜಾಗ ಕೊಟ್ಟಳು. ಹೊಟ್ಟೆ ಬೆಳೆಸಿದ ಕುಡುಕ ಪಾದ್ರಿಗಳನ್ನು ಗೇಲಿ ಮಾಡಿ ಪದ್ಯ ಕಟ್ಟಿದಳು, ಅದೂ ಪಂಡಿತರ ಭಾಷೆಯಲ್ಲಲ್ಲ, ಊರಿನ ಆಡುಮಾತಿನಲ್ಲಿ. ಕೊನೆಗೆ ಆಸ್ತಿ ಮಾರಿ ಮಕ್ಕಳ ಜೊತೆ ಸ್ವೀಡನ್ನಿಗೆ ಹೋದಳು, ಅಲ್ಲಿ ರಾಜಮನೆತನದ ಹೆಂಗಸೊಬ್ಬಳ ಆಶ್ರಯ ಸಿಕ್ಕಿತು. ಇನ್ನೊಬ್ಬಳು ಯೋಹಾನ್ನಾ ಎಲಿಯೊನೊರಾ ಪೀಟರ್ಸನ್, ದೇವರ ಬಗ್ಗೆ ಪುಸ್ತಕ ಮೇಲೆ ಪುಸ್ತಕ ಬರೆದು ತನ್ನ ಹೆಸರಿನಲ್ಲೇ ಅಚ್ಚು ಹಾಕಿಸಿದವಳು. ಗಂಡ ದೊಡ್ಡ ಹುದ್ದೆಯ ಪಾದ್ರಿ. ಇಬ್ಬರ ನಂಬಿಕೆಯೂ ಒಂದೇ, 1692ರಲ್ಲಿ ಕೆಲಸ ಹೋದದ್ದು ಗಂಡನದು. ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ.

ಪ್ರಶ್ನೆ: ಆ ಕಾಲದಲ್ಲಿ ಸ್ವತಂತ್ರವಾಗಿ ಇರಬಹುದಾದ ಒಂದಾದರೂ ಜಾಗ ಇತ್ತಾ?
(ಕೋರಮಂಗಲ)

ಉತ್ತರ: ಇತ್ತು, ನೀವು ಬೀಟಲ್ಸ್ ಅಭಿಮಾನಿಯಾದರೆ ಆ ಬೀದಿಯ ಹೆಸರೂ ಗೊತ್ತಿರುತ್ತದೆ. ಹ್ಯಾಂಬರ್ಗ್ ಕಟ್ಟಾ ಲೂಥರನ್ ಊರು, ಬೇರೆಯವರಿಗೆ ಬಾಗಿಲು ಹಾಕಿತ್ತು. ಅದರ ಗೋಡೆಗೆ ಅಂಟಿಕೊಂಡ ಹಾಗೆ ಆಲ್ಟೋನಾ ಅನ್ನುವ ಊರು, ಅದು ಬೇರೆ ದೊರೆಯದು. ಅವನಿಗೆ ನೇಕಾರರು, ವರ್ತಕರು ಬೇಕಿತ್ತು. ಹದಿನೇಳನೇ ಶತಮಾನದ ಶುರುವಿನಲ್ಲಿ ಮೆನೊನೈಟರು, ಕ್ಯಾಥಲಿಕ್ಕರು ಬಂದಾಗ ಅವರಿಗೆ ಆ ದೊರೆ, ನಿಮ್ಮ ಪೂಜೆ ನೀವು ಮಾಡಿಕೊಳ್ಳಿ, ನಿಮ್ಮ ಕಸುಬು ನೀವು ಮಾಡಿ ಅಂದ. ಆ ಸ್ವಾತಂತ್ರ್ಯದಿಂದಲೇ ಬೀದಿಗೆ ಗ್ರೋಸೆ ಫ್ರೈಹೈಟ್ ಅಂತ ಹೆಸರು, ದೊಡ್ಡ ಸ್ವಾತಂತ್ರ್ಯ ಅಂತ ಅರ್ಥ. 1960ರ ಹೊತ್ತಿಗೆ ಅಲ್ಲಿಯ ನೈಟ್‌ಕ್ಲಬ್‌ಗಳಲ್ಲಿ ಬೀಟಲ್ಸ್ ಹುಡುಗರು ರಾತ್ರಿಯಿಡೀ ಹಾಡುತ್ತಿದ್ದರು. ಈಗ ಬೋರ್ಡ್ ನೋಡಿದವರಿಗೆ ಬೇರೆಯೇ ಸ್ವಾತಂತ್ರ್ಯ ನೆನಪಾಗುತ್ತದೆ, ಅದು ಬಿಡಿ.

ಪ್ರಶ್ನೆ: ಇಷ್ಟು ದೂರದ ಕಥೆ ನಮಗೆ ಯಾಕೆ ಸಾರ್? ಕನ್ನಡಕ್ಕೇನು ಸಂಬಂಧ?
(ಯಶವಂತಪುರ)

ಉತ್ತರ: ನಿಮಗೆ ಗೊತ್ತಿರುವುದಕ್ಕಿಂತ ಹತ್ತಿರ. ಆ ಮನೆಕೂಟದ ಭಕ್ತಿಯವರು ಸೇರಿ ಜರ್ಮನಿಯ ಹಾಲೆ ಊರಿನಲ್ಲಿ ಶಾಲೆ, ಅನಾಥಾಲಯ ಕಟ್ಟಿದರು. ಅಲ್ಲಿ ಕಲಿತವರೇ 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ ಮೊದಲ ಲೂಥರನ್ ಮಿಷನರಿಗಳು. ಅದೇ ಪರಂಪರೆಯ ಶ್ವಾರ್ಟ್ಸ್ ಎಂಬ ಪಾದ್ರಿ 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಹೈದರ್ ಅಲಿಯನ್ನು ಭೇಟಿಯಾದ, ಬ್ರಿಟಿಷರ ಪರವಾಗಿ ಮಾತಾಡೋಕೆ.

ಇನ್ನು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್. ಅಲ್ಲಿಯ ಸರಕಾರ ಜಾಣತನ ಮಾಡಿತು. 1743ರಲ್ಲಿ ಕೂಟಗಳಿಗೆ ಅನುಮತಿ ಕೊಟ್ಟಿತು, ಗುಂಪು ಚಿಕ್ಕದಿರಲಿ, ಚರ್ಚಿನ ಹೊತ್ತಿನಲ್ಲಿ ಬೇಡ, ರಾತ್ರಿ ಬೇಡ, ಪಾದ್ರಿಗೆ ಗೊತ್ತಿರಲಿ ಅಂತ. ಆ ಅನುಮತಿಯ ನೆರಳಿನಲ್ಲಿ ಬೆಳೆದ ಮನೆಗಳ ಮಕ್ಕಳು ಮುಂದೆ ಬಾಸೆಲ್ ಮಿಷನ್ ಸೇರಿದರು. 1834ರಲ್ಲಿ ಅವರು ಮಂಗಳೂರಿಗೆ ಬಂದಿಳಿದರು. ವ್ಯೂರ್ಟೆಂಬರ್ಗ್‌ನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರತಂದ, ಕನ್ನಡದ ಮೊದಲ ಪತ್ರಿಕೆ. ಎಂ.ಜಿ. ರಸ್ತೆ ಕಡೆ ಹೋದಾಗ ಕಿಟೆಲ್ ಪ್ರತಿಮೆ ನೋಡಿರುತ್ತೀರಿ, 1894ರ ನಿಘಂಟಿನ ಕಿಟೆಲ್. ಅವನನ್ನು ಮಾತ್ರ ಬಂಡಾಯದವರ ಪಟ್ಟಿಗೆ ಸೇರಿಸಬೇಡಿ, ಲೂಥರನ್ ಪಾದ್ರಿಯ ಮಗ. ಆದರೆ ಅವನನ್ನು ಇಲ್ಲಿಗೆ ಕಳಿಸಿದ್ದು ಅದೇ ಮಿಷನ್.

ಚಾಮರಾಜಪೇಟೆ, ಬಸವನಗುಡಿ ಕಡೆ ಯಾವುದಾದರೂ ಹಳೆಯ ಮನೆ ಕೆಡವುತ್ತಿದ್ದರೆ ಒಂದು ನಿಮಿಷ ನಿಂತು ಕೆಳಗೆ ಬಿದ್ದ ಮಂಗಳೂರು ಹಂಚು ತಿರುಗಿಸಿ ನೋಡಿ. ಅದೃಷ್ಟ ಇದ್ದರೆ ಬಾಸೆಲ್ ಮಿಷನ್ ಅನ್ನುವ ಅಚ್ಚು ಕಾಣುತ್ತದೆ.